ರಂಗೋಲಿ ಚುಕ್ಕಿಯ ಮೇಲೆ ತ್ರಿಭುಜ ತಿರುಗಿಸೋದು ಹೇಗೆ?

ಹೋದ ಭಾನುವಾರ ರಾತ್ರಿ ನಮ್ಮ ಬೀದಿಯ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಒಂದು ಹೋಂವರ್ಕ್ ಹಾಳೆಯ ಫೋಟೋ ಬಂತು. ಚಿಕ್ಕಬಳ್ಳಾಪುರದ ಈ ಬೀದಿಯಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳು ಐದಾರು ಜನ ಇದ್ದಾರೆ. ಪ್ರಶ್ನೆ ಇಷ್ಟೇ: ‘ಎ (1, 1), ಬಿ (4, 1), ಸಿ (4, 3) ಶೃಂಗಗಳಿರುವ ತ್ರಿಭುಜವನ್ನು ಮೂಲಬಿಂದುವಿನ ಸುತ್ತ 90 ಡಿಗ್ರಿ ಅಪ್ರದಕ್ಷಿಣವಾಗಿ ತಿರುಗಿಸಿ. ಹೊಸ ಶೃಂಗಗಳನ್ನು ಬರೆಯಿರಿ.’ ಶೃಂಗ ಅಂದರೆ ತ್ರಿಭುಜದ ಮೂಲೆ.

ಹತ್ತು ನಿಮಿಷದಲ್ಲಿ ನಾಲ್ಕು ಉತ್ತರ ಬಂದವು. ನಾಲ್ಕೂ ಬೇರೆ ಬೇರೆ. ಒಬ್ಬರು ಸೂತ್ರ ಕಳಿಸಿದರು, ಇನ್ನೊಬ್ಬರು ಅದು ತಪ್ಪು ಸೂತ್ರ ಅಂದರು. ಕೊನೆಗೆ ಒಬ್ಬ ಅಮ್ಮ ಬರೆದರು: ‘ಸೂತ್ರ ಇರಲಿ, ತಿರುಗಿಸೋದು ಅಂದ್ರೆ ಏನು ಅಂತ ಯಾರಾದ್ರೂ ಹೇಳ್ತೀರಾ?’

ಸರಿಯಾದ ಪ್ರಶ್ನೆ ಅದೇ. ಅದಕ್ಕೆ ಉತ್ತರ ಗೊತ್ತಾದರೆ ಸೂತ್ರ ಬಾಯಿಪಾಠ ಮಾಡುವ ಕೆಲಸವೇ ಇರುವುದಿಲ್ಲ. ಮರೆತರೂ ಅರ್ಧ ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳಬಹುದು.

ಕಂಬದ ಲೆಕ್ಕ

ನಮ್ಮ ಕಡೆಯ ದ್ರಾಕ್ಷಿ ತೋಟ ನೋಡಿದವರಿಗೆ ಇದು ಸುಲಭ. ಚಪ್ಪರಕ್ಕೆ ನೆಟ್ಟ ಕಲ್ಲುಕಂಬಗಳು ಉದ್ದಕ್ಕೂ ಅಡ್ಡಕ್ಕೂ ಸಾಲಾಗಿ ನಿಂತಿರುತ್ತವೆ. ‘ಆ ಕಂಬದ ಹತ್ತಿರ ಬುಟ್ಟಿ ಇಟ್ಟಿದ್ದೀನಿ’ ಅಂದರೆ ಯಾರಿಗೂ ಗೊತ್ತಾಗಲ್ಲ. ‘ಗೇಟಿನ ಕಂಬದಿಂದ ಬಲಕ್ಕೆ ನಾಲ್ಕು, ಅಲ್ಲಿಂದ ಮೇಲಕ್ಕೆ ಮೂರು’ ಅಂದರೆ ನೇರವಾಗಿ ಹೋಗಿ ತರಬಹುದು.

ನಿರ್ದೇಶಾಂಕ ಅಂದರೆ ಇದೇ. (4, 3) ಅಂತ ಬರೆದರೆ ಬಲಕ್ಕೆ 4, ಮೇಲಕ್ಕೆ 3. ಎಣಿಕೆ ಶುರುವಾಗುವ ಗೇಟಿನ ಕಂಬವೇ ಮೂಲಬಿಂದು, ಅಂದರೆ (0, 0). ಅಡ್ಡಗೆರೆ ಎಕ್ಸ್ ಅಕ್ಷ, ನಿಂತ ಗೆರೆ ವೈ ಅಕ್ಷ. ಎಡಕ್ಕೆ ಹೋದರೆ ಮೊದಲ ಅಂಕಿ ಮೈನಸ್, ಕೆಳಕ್ಕೆ ಹೋದರೆ ಎರಡನೇ ಅಂಕಿ ಮೈನಸ್. ಎರಡು ಅಕ್ಷಗಳು ಹಾಳೆಯನ್ನು ನಾಲ್ಕು ಭಾಗ ಮಾಡುತ್ತವೆ. ಪಾಠದಲ್ಲಿ ಅವಕ್ಕೆ ಚತುರ್ಥಕ ಅನ್ನುತ್ತಾರೆ.

ಆಕಾರಗಳನ್ನು ಹೀಗೆ ಅಂಕಿಗಳಲ್ಲಿ ಹಿಡಿಯುವ ಯೋಚನೆ ಹರಡಿದ್ದು ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಬರಹದಿಂದ. ಸಾಲು ಹಿಡಿದು ಎಣಿಸುವುದು ತೋಟದವರಿಗೂ ರಂಗೋಲಿ ಹಾಕುವವರಿಗೂ ಹೊಸದೇನಲ್ಲ. ಅಲ್ಲಿ ಹೊಸದಾಗಿದ್ದು ಬೀಜಗಣಿತವನ್ನು ಚಿತ್ರಕ್ಕೆ ಜೋಡಿಸಿದ್ದು.

ಬೀಸುವ ಕಲ್ಲಿನ ಗೂಟ

ರಾಗಿ ಬೀಸುವ ಕಲ್ಲು ಈಗ ಎಷ್ಟೋ ಮನೆಗಳಲ್ಲಿ ಹಿತ್ತಲು ಸೇರಿದೆ. ಆದರೆ ನೋಡದವರು ಕಮ್ಮಿ. ನಡುವೆ ಒಂದು ಗೂಟ, ಅಂಚಿನಲ್ಲಿ ಒಂದು ಹಿಡಿ. ಹಿಡಿ ಹಿಡಿದು ಸುತ್ತಿದರೆ ಮೇಲಿನ ಕಲ್ಲು ತಿರುಗುತ್ತದೆ, ಗೂಟ ಕದಲುವುದಿಲ್ಲ.

ಆ ಕಲ್ಲಿನ ಮೇಲೆ ಎರಡು ರಾಗಿ ಕಾಳು ಅಂಟಿಸಿದ್ದೀರಿ ಅಂದುಕೊಳ್ಳಿ. ಒಂದು ಗೂಟದ ಪಕ್ಕ, ಇನ್ನೊಂದು ಅಂಚಿನಲ್ಲಿ. ಕಲ್ಲನ್ನು ಕಾಲು ಸುತ್ತು ತಿರುಗಿಸಿ. ಅಂಚಿನ ಕಾಳು ಜಾಸ್ತಿ ದೂರ ಹೋಗುತ್ತದೆ, ಗೂಟದ ಪಕ್ಕದ್ದು ಸ್ವಲ್ಪವೇ ಹೋಗುತ್ತದೆ. ಆದರೆ ಎರಡೂ ತಿರುಗಿದ್ದು ಕಾಲು ಸುತ್ತೇ. ಗೂಟದಿಂದ ಅವುಗಳ ದೂರವೂ ಬದಲಾಗಿಲ್ಲ. ಒಂದು ಕಾಳಿಗೂ ಇನ್ನೊಂದಕ್ಕೂ ಇದ್ದ ದೂರವೂ ಅಷ್ಟೇ ಇದೆ.

ಗಣಿತದಲ್ಲಿ ತಿರುಗಿಸುವುದು ಅಂದರೆ ಇಷ್ಟೇ. ಆಕಾರ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಮಗುಚಿ ಬೀಳುವುದಿಲ್ಲ. ಹಾಗಾಗಿ ಪ್ರಶ್ನೆಯಲ್ಲಿ ಮೂರು ವಿಷಯ ಇರಲೇಬೇಕು: ಗೂಟ ಎಲ್ಲಿದೆ, ಎಷ್ಟು ಸುತ್ತಬೇಕು, ಯಾವ ಕಡೆಗೆ ಸುತ್ತಬೇಕು. ನಮ್ಮ ಹೋಂವರ್ಕ್ ಹಾಳೆಯಲ್ಲಿ ಮೂರೂ ಇದ್ದವು. ಗೂಟ ಮೂಲಬಿಂದುವಿನಲ್ಲಿ, ಸುತ್ತು 90 ಡಿಗ್ರಿ, ಅಂದರೆ ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ಕಾಲು ಭಾಗ. ದಿಕ್ಕು ಅಪ್ರದಕ್ಷಿಣ.

ಮೊದಲ ಎಡವಟ್ಟು ಈ ‘ಅಪ್ರದಕ್ಷಿಣ’ದಲ್ಲೇ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ ಸುತ್ತು ಬರುವುದನ್ನು ನೆನೆಸಿಕೊಳ್ಳಿ. ದೇವರು ನಮ್ಮ ಬಲಗಡೆಗೆ ಇರುವ ಹಾಗೆ ನಡೆಯುತ್ತೇವೆ. ಅದನ್ನು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕು. ಅದು ಪ್ರದಕ್ಷಿಣ. ಅದಕ್ಕೆ ಉಲ್ಟಾ ಅಪ್ರದಕ್ಷಿಣ. ತಮಾಷೆ ಅಂದರೆ ಗಣಿತದವರಿಗೆ ಪ್ಲಸ್ ದಿಕ್ಕು ಅಪ್ರದಕ್ಷಿಣವೇ. ಬಲಕ್ಕೆ ಚಾಚಿದ ಎಕ್ಸ್ ಅಕ್ಷದಿಂದ ಮೇಲಕ್ಕೆ ಚಾಚಿದ ವೈ ಅಕ್ಷಕ್ಕೆ ಹತ್ತಿರದ ದಾರಿಯಲ್ಲಿ ತಿರುಗಿದರೆ ಅದೇ ದಿಕ್ಕು ಬರುತ್ತದೆ. ಅದಕ್ಕೇ ಹಾಗೆ ಇಟ್ಟುಕೊಂಡಿದ್ದಾರೆ. ದಿಕ್ಕು ಹೇಳದೆ ಸುಮ್ನೆ ‘90 ಡಿಗ್ರಿ ತಿರುಗಿಸಿ’ ಅಂತ ಇದ್ದರೆ ಸಾಮಾನ್ಯವಾಗಿ ಅಪ್ರದಕ್ಷಿಣ ಅಂತಲೇ ತಿಳಿಯಬೇಕು.

ಬಿಂದುವನ್ನಲ್ಲ, ದಾರಿಯನ್ನು ತಿರುಗಿಸಿ

ಈಗ ಮುಖ್ಯ ವಿಷಯ. (4, 3) ಅನ್ನುವುದನ್ನು ಒಂದು ಜಾಗ ಅಂತ ನೋಡಬೇಡಿ. ನಡೆಯುವ ದಾರಿ ಅಂತ ನೋಡಿ: ಪೂರ್ವಕ್ಕೆ 4 ಹೆಜ್ಜೆ, ಉತ್ತರಕ್ಕೆ 3 ಹೆಜ್ಜೆ. ಹಾಳೆಯಲ್ಲಿ ಬಲ ಪೂರ್ವ, ಮೇಲೆ ಉತ್ತರ.

ಬೀಸುವ ಕಲ್ಲಿನ ಮೇಲೆ ಈ ದಾರಿಯನ್ನು ಸೀಮೆಸುಣ್ಣದಲ್ಲಿ ಗೀಚಿ, ಕಲ್ಲನ್ನು ಎಡಕ್ಕೆ, ಅಂದರೆ ಅಪ್ರದಕ್ಷಿಣವಾಗಿ, ಕಾಲು ಸುತ್ತು ತಿರುಗಿಸಿ. ಪೂರ್ವಕ್ಕೆ ಇದ್ದ ಗೆರೆ ಈಗ ಉತ್ತರಕ್ಕೆ ನಿಲ್ಲುತ್ತದೆ. ಉತ್ತರಕ್ಕೆ ಇದ್ದ ಗೆರೆ ಪಶ್ಚಿಮಕ್ಕೆ ಹೋಗುತ್ತದೆ. ಉದ್ದ ಎರಡರದ್ದೂ ಹಾಗೇ ಇದೆ. ಅಂದರೆ ಹೊಸ ದಾರಿ: ಉತ್ತರಕ್ಕೆ 4, ಪಶ್ಚಿಮಕ್ಕೆ 3.

ಇದನ್ನು ಮತ್ತೆ ಅಂಕಿಯಲ್ಲಿ ಬರೆಯಿರಿ. ಮೊದಲು ಪೂರ್ವ-ಪಶ್ಚಿಮ ಬರೆಯಬೇಕು ತಾನೆ? ಪಶ್ಚಿಮಕ್ಕೆ 3 ಅಂದರೆ −3. ಆಮೇಲೆ ಉತ್ತರಕ್ಕೆ 4. ಸಿ ಹೋಗಿ ಕೂತಿದ್ದು (−3, 4) ರಲ್ಲಿ.

ಅಷ್ಟೇ. ಅಂಕಿಗಳು ಜಾಗ ಬದಲಿಸಿದ್ದು ಯಾಕೆ? ಪೂರ್ವದ ನಡಿಗೆ ಉತ್ತರದ ನಡಿಗೆ ಆಯಿತು, ಅದಕ್ಕೆ. ಮೈನಸ್ ಎಲ್ಲಿಂದ ಬಂತು? ಉತ್ತರದ ನಡಿಗೆ ಪಶ್ಚಿಮಕ್ಕೆ ತಿರುಗಿತು, ಅದಕ್ಕೆ. ಸೂತ್ರವಾಗಿ ಬರೆದರೆ (ಎಕ್ಸ್, ವೈ) ಹೋಗಿ (−ವೈ, ಎಕ್ಸ್) ಆಗುತ್ತದೆ. ಉಳಿದ ಎರಡು ಶೃಂಗಗಳಿಗೂ ಹೀಗೇ ಮಾಡಿದರೆ ಎ (1, 1) ಹೋಗಿ (−1, 1) ಆಗುತ್ತದೆ, ಬಿ (4, 1) ಹೋಗಿ (−1, 4) ಆಗುತ್ತದೆ. ಭಾನುವಾರದ ಹಾಳೆಗೆ ಉತ್ತರ ಸಿಕ್ಕಿತು. ಗುಂಪಿಗೆ ಬಂದ ನಾಲ್ಕರಲ್ಲಿ ಒಂದು ಇದೇ ಆಗಿತ್ತು.

ಒಂದು ಸಣ್ಣ ಎಚ್ಚರಿಕೆ. ವೈ ಮೊದಲೇ ಮೈನಸ್ ಇದ್ದರೆ −ವೈ ಪ್ಲಸ್ ಆಗುತ್ತದೆ. (2, −5) ಅನ್ನು ತಿರುಗಿಸಿದರೆ (5, 2). ದಾರಿ ಹಿಡಿದು ನೋಡಿ: ದಕ್ಷಿಣಕ್ಕೆ 5 ಇದ್ದದ್ದು ಪೂರ್ವಕ್ಕೆ 5 ಆಯಿತು. ‘−ವೈ’ ಅಂದ ತಕ್ಷಣ ಲೆಕ್ಕದ ಉತ್ತರದಲ್ಲಿ ಮೈನಸ್ ಇರಲೇಬೇಕು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ನಾನು ಪಾಠ ಹೇಳಿಕೊಡುವ ಹುಡುಗರಲ್ಲಿ ಜಾಸ್ತಿ ಜನ ಅಂಕ ಕಳೆದುಕೊಳ್ಳುವುದು ಇಲ್ಲೇ.

180 ಮತ್ತು 270

ಇವಕ್ಕೆ ಹೊಸದೇನೂ ಕಲಿಯಬೇಕಾಗಿಲ್ಲ. ಕಾಲು ಸುತ್ತನ್ನೇ ಮತ್ತೆ ಮತ್ತೆ ಹಾಕಿ. (3, 1) ಮೊದಲ ಸಲ (−1, 3), ಎರಡನೇ ಸಲ (−3, −1), ಮೂರನೇ ಸಲ (1, −3), ನಾಲ್ಕನೇ ಸಲ ವಾಪಸ್ ಮನೆಗೆ, (3, 1). ಎರಡನೆಯದೇ 180 ಡಿಗ್ರಿ: ಎರಡೂ ಅಂಕಿಯ ಚಿಹ್ನೆ ಬದಲಾಗುತ್ತದೆ, ಜಾಗ ಬದಲಾಗಲ್ಲ. ಅರ್ಧ ಸುತ್ತನ್ನು ಯಾವ ಕಡೆಯಿಂದ ಹೋದರೂ ಒಂದೇ ಜಾಗಕ್ಕೆ ಬರುತ್ತೇವೆ, ಹಾಗಾಗಿ ಅದಕ್ಕೆ ದಿಕ್ಕು ಕೇಳುವ ಅಗತ್ಯ ಇಲ್ಲ. ಮೂರನೆಯದು 270 ಡಿಗ್ರಿ ಅಪ್ರದಕ್ಷಿಣ. ಅದೇ 90 ಡಿಗ್ರಿ ಪ್ರದಕ್ಷಿಣವೂ ಹೌದು. ಸೂತ್ರ (ವೈ, −ಎಕ್ಸ್).

ಉಳಿದ ಮೂರು ಉತ್ತರ ಎಲ್ಲಿ ತಪ್ಪಿದವು?

ತಪ್ಪು ಉತ್ತರಗಳಿಂದ ಕಲಿಯುವುದು ಜಾಸ್ತಿ ಇರುತ್ತದೆ. ಹಾಗಾಗಿ ಅವನ್ನೂ ನೋಡೋಣ.

ಒಬ್ಬರು (1, −1), (1, −4), (3, −4) ಅಂತ ಬರೆದಿದ್ದರು. ಅವರು ತಿರುಗಿಸಿದ್ದಂತೂ ನಿಜ, ಆದರೆ ಪ್ರದಕ್ಷಿಣವಾಗಿ. ದಿಕ್ಕಿನ ತಪ್ಪು, ಅಷ್ಟೇ.

ಇನ್ನೊಬ್ಬರದು (−1, 1), (−4, 1), (−4, 3). ಇದು ತಿರುಗಿಸಿದ್ದೇ ಅಲ್ಲ. ವೈ ಅಕ್ಷದ ಮೇಲೆ ಕನ್ನಡಿ ನಿಲ್ಲಿಸಿ ನೋಡಿದ ಬಿಂಬ. ಮೂರನೆಯವರದು (1, 1), (1, 4), (3, 4). ಅಂಕಿಗಳ ಜಾಗ ಬದಲಿಸಿದ್ದಾರೆ, ಮೈನಸ್ ಮರೆತಿದ್ದಾರೆ. ಅದೂ ಕನ್ನಡಿಯೇ. ಮೂಲಬಿಂದುವಿನಿಂದ ಬಲಕ್ಕೆ ಒಂದು, ಮೇಲಕ್ಕೆ ಒಂದು ಅಂತ ಓರೆಯಾಗಿ ಹೋಗುವ ಗೆರೆಯ ಮೇಲೆ ಇಟ್ಟ ಕನ್ನಡಿ.

ಕನ್ನಡಿಗೂ ತಿರುಗಿಸುವುದಕ್ಕೂ ಏನು ವ್ಯತ್ಯಾಸ? ಬಾಗಿಲ ಬಳಿ ಬಿಟ್ಟ ಎಡಗಾಲಿನ ಚಪ್ಪಲಿಯನ್ನು ನೆಲದ ಮೇಲೇ ಹೇಗೆ ಬೇಕಾದರೂ ತಿರುಗಿಸಿ. ಅದು ಬಲಗಾಲಿನದಾಗುವುದಿಲ್ಲ. ಕನ್ನಡಿಯಲ್ಲಿ ನೋಡಿದ ತಕ್ಷಣ ಆಗುತ್ತದೆ. ತ್ರಿಭುಜದಲ್ಲೂ ಹಾಗೇ. ಎ, ಬಿ, ಸಿ ಅಂತ ವರಸೆಯಲ್ಲಿ ಬೆರಳು ಓಡಿಸಿ. ಮೊದಲಿನ ಚಿತ್ರದಲ್ಲಿ ಬೆರಳು ಬಲಕ್ಕೆ ಹೋಗಿ ಮೇಲಕ್ಕೆ ತಿರುಗುತ್ತದೆ, ಅಂದರೆ ಎಡಕ್ಕೆ ಹೊರಳುತ್ತದೆ. ಸರಿಯಾದ ಉತ್ತರದಲ್ಲಿ ಮೇಲಕ್ಕೆ ಹೋಗಿ ಎಡಕ್ಕೆ ಹೊರಳುತ್ತದೆ. ಮೂರನೆಯವರ ಉತ್ತರದಲ್ಲಿ ಮೇಲಕ್ಕೆ ಹೋಗಿ ಬಲಕ್ಕೆ ಹೊರಳುತ್ತದೆ. ಹೊರಳುವ ಕಡೆ ಬದಲಾಯಿತು ಅಂದರೆ ಅದು ಕನ್ನಡಿ.

ಉದ್ದ ಮಾತ್ರ ಅಳೆದರೆ ಈ ತಪ್ಪು ಸಿಕ್ಕುವುದಿಲ್ಲ. ಎ ಇಂದ ಬಿ ಗೆ 3, ಬಿ ಇಂದ ಸಿ ಗೆ 2, ಎ ಇಂದ ಸಿ ಗೆ √13. ನಾಲ್ಕೂ ಉತ್ತರಗಳಲ್ಲಿ ಇವು ಸರಿಯಾಗೇ ಬರುತ್ತವೆ. ಹಾಗಾಗಿ ಉದ್ದವನ್ನೂ ನೋಡಬೇಕು, ಹೊರಳುವ ಕಡೆಯನ್ನೂ ನೋಡಬೇಕು.

ಕೈಯಲ್ಲೇ ಮಾಡಿ ನೋಡುವುದಕ್ಕೆ ಒಂದು ಬಟರ್ ಪೇಪರ್ ಸಾಕು. ಗ್ರಾಫ್ ಹಾಳೆಯ ಮೇಲೆ ಅದನ್ನಿಟ್ಟು ತ್ರಿಭುಜ ನಕಲು ಮಾಡಿ. ಮೂಲಬಿಂದುವಿಗೆ ಗುಂಡುಪಿನ್ ಚುಚ್ಚಿ. ಮೇಲಿನ ಹಾಳೆಯನ್ನು ಮಾತ್ರ ತಿರುಗಿಸಿ.

ಗೂಟ ಬೇರೆ ಕಡೆ ಇದ್ದರೆ?

‘ಎ ಬಿಂದುವಿನ ಸುತ್ತ ತಿರುಗಿಸಿ’ ಅಂತ ಪ್ರಶ್ನೆ ಬಂದರೆ ಸೂತ್ರ ಮಾತ್ರ ಗೊತ್ತಿರುವವರು ನಿಂತುಬಿಡುತ್ತಾರೆ. ದಾರಿ ಗೊತ್ತಿರುವವರಿಗೆ ಒಂದೇ ಬದಲಾವಣೆ: ಗೇಟಿನ ಕಂಬದಿಂದ ಎಣಿಸುವ ಬದಲು ಗೂಟದಿಂದ ಎಣಿಸಬೇಕು.

ಎ (1, 1) ಈಗ ಗೂಟ. ಅಲ್ಲಿಂದ ಸಿ (4, 3) ಗೆ ದಾರಿ ಏನು? ಬಲಕ್ಕೆ 3, ಮೇಲಕ್ಕೆ 2. ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಮೇಲಕ್ಕೆ 3, ಎಡಕ್ಕೆ 2. ಈಗ ಗೂಟದಿಂದಲೇ ಹೊರಡಿ. 1 ರಿಂದ ಎಡಕ್ಕೆ 2 ಹೋದರೆ −1. 1 ರಿಂದ ಮೇಲಕ್ಕೆ 3 ಹೋದರೆ 4. ಉತ್ತರ (−1, 4). ಬಿ ಗೆ (1, 4) ಬರುತ್ತದೆ. ಎ ಇದ್ದಲ್ಲೇ ಇರುತ್ತದೆ, ಗೂಟ ಎಲ್ಲಿಗೆ ಹೋಗುತ್ತದೆ? ಪುಸ್ತಕದ ಭಾಷೆಯಲ್ಲಿ ಹೇಳಿದರೆ ಗೂಟದ ಅಂಕಿಗಳನ್ನು ಕಳೆ, ತಿರುಗಿಸು, ಮತ್ತೆ ಕೂಡಿಸು.

ಫೋನಿನ ಫೋಟೋ

ಇದು ಬರೀ ಪರೀಕ್ಷೆಗಾ? ಎಂಟನೇ ತರಗತಿಯವರು ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ಆಕಾರಗಳ ಪ್ರಶ್ನೆ ಬರುತ್ತವೆ, ಅದು ನಿಜ. ಆದರೆ ಇದೇ ಲೆಕ್ಕ ನಮ್ಮ ಜೇಬಿನಲ್ಲೂ ಇದೆ.

ಫೋಟೋ ಅಂದರೆ ಸಾಲು ಸಾಲು ಬಣ್ಣದ ಚುಕ್ಕಿ. ಎಡಿಟ್ ಮಾಡುವಾಗ ಅದನ್ನು 90 ಡಿಗ್ರಿ ತಿರುಗಿಸಿದರೆ ಒಂದೊಂದು ಚುಕ್ಕಿಯೂ ಸರಿಯಾಗಿ ಇನ್ನೊಂದು ಚುಕ್ಕಿಯ ಜಾಗಕ್ಕೆ ಹೋಗಿ ಕೂರುತ್ತದೆ. ಏನೂ ಕಳೆದುಹೋಗಬೇಕಾಗಿಲ್ಲ. ಅದೇ ಫೋಟೋ ಸ್ವಲ್ಪ ವಾಲಿದೆ ಅಂತ 7 ಡಿಗ್ರಿ ತಿರುಗಿಸಿದರೆ ಚುಕ್ಕಿಗಳು ಸಂದಿಯಲ್ಲಿ ಬೀಳುತ್ತವೆ. ಆಗ ಅಕ್ಕಪಕ್ಕದ ಬಣ್ಣ ನೋಡಿ ಹೊಸ ಬಣ್ಣ ಲೆಕ್ಕ ಹಾಕಬೇಕು, ಮೂಲೆಗಳನ್ನು ಕತ್ತರಿಸಬೇಕು. ಇನ್ನೊಂದು ಸ್ವಾರಸ್ಯ: ಕಂಪ್ಯೂಟರ್ ಪರದೆಯಲ್ಲಿ ಸಾಮಾನ್ಯವಾಗಿ ಮೂಲಬಿಂದು ಮೇಲಿನ ಎಡ ಮೂಲೆಯಲ್ಲಿರುತ್ತದೆ, ವೈ ಕೆಳಮುಖವಾಗಿ ಏರುತ್ತದೆ. ಹಾಗಾಗಿ ನಮ್ಮ (−ವೈ, ಎಕ್ಸ್) ಸೂತ್ರವನ್ನೇ ಅಲ್ಲಿ ಹಾಕಿದರೆ ಚಿತ್ರ ಪ್ರದಕ್ಷಿಣವಾಗಿ ತಿರುಗುತ್ತದೆ. ಕೋಡಿಂಗ್ ಕಲಿಯುವ ಮಕ್ಕಳು ಮೊದಲ ಸಲ ಇದರಲ್ಲಿ ಖಂಡಿತ ಎಡವುತ್ತಾರೆ.

45, 60, ಮತ್ತು ಆಗದ 72

ಬೇರೆ ಕೋನಗಳಿಗೆ ಎಸ್‌ಎಸ್‌ಎಲ್‌ಸಿಯ ತ್ರಿಕೋನಮಿತಿ ಬೇಕು. ಕೋನ ಯಾವುದೇ ಇರಲಿ, ಅದರ ಕಾಸ್, ಸೈನ್ ಅನ್ನುವ ಎರಡು ಅನುಪಾತ ತೆಗೆದುಕೊಂಡರೆ ಹೊಸ ಮೊದಲ ಅಂಕಿ ‘ಎಕ್ಸ್ ಗುಣಿಸು ಕಾಸ್, ಕಳೆ ವೈ ಗುಣಿಸು ಸೈನ್’. ಹೊಸ ಎರಡನೇ ಅಂಕಿ ‘ಎಕ್ಸ್ ಗುಣಿಸು ಸೈನ್, ಕೂಡಿಸು ವೈ ಗುಣಿಸು ಕಾಸ್’. 90 ಡಿಗ್ರಿಗೆ ಕಾಸ್ 0, ಸೈನ್ 1. ಹಾಕಿ ನೋಡಿ, ನಮ್ಮ ಹಳೇ ಸೂತ್ರವೇ ಬರುತ್ತದೆ. 45 ಡಿಗ್ರಿಗೆ (1, 1) ಹೋಗಿ (0, √2) ಆಗುತ್ತದೆ, ಅಂದರೆ ಮೇಲಕ್ಕೆ ಸುಮಾರು 1.414. ಗ್ರಾಫ್ ಹಾಳೆಯಲ್ಲಿ ಅಲ್ಲಿ ಚುಕ್ಕಿ ಇಲ್ಲ.

ಇದು ರಂಗೋಲಿ ಹಾಕುವವರ ಕೈಗೆ ಯಾವತ್ತೋ ಗೊತ್ತಿರುವ ಸಂಗತಿ. ಧನುರ್ಮಾಸದಲ್ಲಿ ಬೆಳಗ್ಗೆ ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ ನೋಡಿ. ಏಳು ಚುಕ್ಕಿ ಏಳು ಸಾಲು ಅಂತ ನೇರವಾಗಿ ಇಟ್ಟಿದ್ದರೆ ಅದರ ಮೇಲೆ ಬರುವ ಹೂವಿಗೆ ನಾಲ್ಕು ಎಸಳು. ನಡುವಿನ ಚುಕ್ಕಿಯೇ ಮೂಲಬಿಂದು. ಒಂದು ಎಸಳು ಬರೆದರೆ ಉಳಿದ ಮೂರು ಅದರ ಕಾಲು ಸುತ್ತುಗಳು. ಆರು ಎಸಳು ಬೇಕಿದ್ದರೆ ಚುಕ್ಕಿ ಇಡುವ ಕ್ರಮವನ್ನೇ ಬದಲಿಸುತ್ತಾರೆ: ‘13 ರಿಂದ 7, ಮಧ್ಯ ಚುಕ್ಕಿ’. ನಡುವಿನ ಸಾಲಿನಲ್ಲಿ 13, ಮೇಲೂ ಕೆಳಗೂ ಸಂದಿಯಲ್ಲಿ ಒಂದೊಂದು ಕಮ್ಮಿ ಮಾಡುತ್ತಾ 7ಕ್ಕೆ ನಿಲ್ಲಿಸುವುದು. ಆಗ ಆರು ಮೂಲೆಯ ಆಕಾರ ಬರುತ್ತದೆ, ಅದನ್ನು 60 ಡಿಗ್ರಿ ತಿರುಗಿಸಿದರೆ ಚುಕ್ಕಿ ಚುಕ್ಕಿಯ ಮೇಲೇ ಬೀಳುತ್ತದೆ. ಲೆಕ್ಕಕ್ಕೆ ಸರಿಯಾಗಬೇಕಾದರೆ ಸಾಲಿನಿಂದ ಸಾಲಿಗೆ ಇರುವ ಅಂತರ ಚುಕ್ಕಿಗಳ ಅಂತರದ 0.866 ಪಟ್ಟು ಇರಬೇಕು. ಅಮ್ಮಂದಿರು ಅದನ್ನು ಕಣ್ಣಳತೆಯಲ್ಲೇ ಇಡುತ್ತಾರೆ.

ಹಾಗಾದರೆ ಐದು ಎಸಳು? ಐದಕ್ಕೆ ಒಂದೊಂದು ತಿರುವೂ 72 ಡಿಗ್ರಿ. ಸಾಲು ಚುಕ್ಕಿಯನ್ನು ನೇರ ಇಡಿ, ಸಂದಿಯಲ್ಲಿ ಇಡಿ, ಓರೆಯಾಗಿ ಇಡಿ, 72 ಡಿಗ್ರಿ ತಿರುಗಿಸಿದರೆ ಚುಕ್ಕಿಗಳೆಲ್ಲ ಚುಕ್ಕಿಗಳ ಮೇಲೆ ಬೀಳುವುದು ಸಾಧ್ಯವೇ ಇಲ್ಲ. ಕಾರಣ ಚಂದ ಇದೆ. ಎಲ್ಲಕ್ಕಿಂತ ಹತ್ತಿರದ ಎರಡು ಚುಕ್ಕಿ ತೆಗೆದುಕೊಳ್ಳಿ, ನಡುವೆ 10 ಸೆಂಟಿಮೀಟರ್ ಇರಲಿ. ಎಡ ಚುಕ್ಕಿಯನ್ನು ಗೂಟ ಮಾಡಿ ಬಲದ್ದನ್ನು 72 ಡಿಗ್ರಿ ಮೇಲಕ್ಕೆ ಎತ್ತಿ. ಹಾಗೇ ಬಲದ್ದನ್ನು ಗೂಟ ಮಾಡಿ ಎಡದ್ದನ್ನು 72 ಡಿಗ್ರಿ ಮೇಲಕ್ಕೆ ಎತ್ತಿ. ಎರಡೂ ಬಾಗಿಲ ರೆಕ್ಕೆಗಳ ಹಾಗೆ ಒಂದರ ಕಡೆ ಒಂದು ವಾಲುತ್ತವೆ. ಹೊಸ ಎರಡು ಜಾಗಗಳ ನಡುವಿನ ದೂರ ಸುಮಾರು 3.8 ಸೆಂಟಿಮೀಟರ್. ಆ ಎರಡೂ ಕಡೆ ಚುಕ್ಕಿ ಇರಬೇಕು ಅಂದರೆ 10ಕ್ಕಿಂತ ಹತ್ತಿರದ ಜೋಡಿ ಸಿಕ್ಕಿತು ಅಂತಾಯಿತು. ಆದರೆ 10 ಸೆಂಟಿಮೀಟರೇ ಅತಿ ಹತ್ತಿರ ಅಂತ ಮೊದಲೇ ಹೇಳಿದ್ದೇವೆ, ಅಲ್ವಾ? 60 ಡಿಗ್ರಿಯಲ್ಲಿ ಇದೇ ಮಾಡಿದರೆ ಎರಡೂ ಒಂದೇ ಜಾಗದಲ್ಲಿ ಸೇರುತ್ತವೆ. 90ರಲ್ಲಿ ದೂರ 10 ಆಗಿಯೇ ಉಳಿಯುತ್ತದೆ. ಅವೆರಡಕ್ಕೂ ತೊಂದರೆ ಇಲ್ಲ.

ಎಂಟಕ್ಕೂ ಸಾಲು ಚುಕ್ಕಿ ಒಗ್ಗುವುದಿಲ್ಲ. ಅದಕ್ಕೇ ಲಕ್ಷ್ಮಿ ಪೂಜೆಗೆ ಹಾಕುವ ಹೃದಯ ಕಮಲದಲ್ಲಿ ಸಾಲುಗಳನ್ನೇ ಬಿಟ್ಟುಬಿಡುತ್ತಾರೆ. ನಡುವೆ ಒಂದು ಚುಕ್ಕಿ, ಅಲ್ಲಿಂದ ಎಂಟು ದಿಕ್ಕಿಗೆ ಐದೈದು ಚುಕ್ಕಿ. ಅಲ್ಲಿ ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಅಂತ ಕೇಳುವುದಿಲ್ಲ. ಯಾವ ದಿಕ್ಕು, ನಡುವಿನಿಂದ ಎಷ್ಟನೇ ಚುಕ್ಕಿ ಅಂತ ಕೇಳುತ್ತಾರೆ. ಹೀಗೆ ಎಣಿಸಿದರೆ 45 ಡಿಗ್ರಿ ತಿರುಗಿಸುವುದಕ್ಕೆ √2 ಬೇಡ, ಸೈನ್ ಬೇಡ. ಒಂದು ಕವಲಿನ ಮೂರನೇ ಚುಕ್ಕಿ ಪಕ್ಕದ ಕವಲಿನ ಮೂರನೇ ಚುಕ್ಕಿ ಆಗುತ್ತದೆ. ಐದು ಎಸಳೇ ಬೇಕು ಅನ್ನುವವರು 72 ಡಿಗ್ರಿಗೊಂದು ಕವಲು ಎಳೆದುಕೊಂಡರಾಯಿತು.